ಅತ್ತೆ ಸೂಜಿ ಬೇಡವೆಂದ ದಿನ

ನಾನು ಸೊಸೆಯಾಗಿ ಕುರುಗೋಡಿನ ಮನೆಗೆ ಹೋದ ದಿನ ಅತ್ತೆ ನನಗೆ ಮೊದಲು ತೋರಿಸಿದ್ದು ಬಚ್ಚಲನ್ನು. “ಬಳ್ಳಾರಿಯಿಂದ ಬಂದಾಗೆಲ್ಲ ಹಿತ್ತಲ ಬಾಗಲಿಂದ ಬಾ. ಮೈ ತೊಳಕೊಂಡು, ಸೀರಿ ಬದಲಿ ಮಾಡಿ, ಆಮ್ಯಾಲೆ ಅಡಿಗಿ ಮನಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬಳ್ಳಾರಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸ್. ಕಂಡ ಕಂಡವರ ಗಾಯ ತೊಳೆದ ಕೈ ಇಷ್ಟಲಿಂಗದ ಪೂಜೆಯ ಮನೆಗೆ ಹಾಗೇ ಬರಬಾರದು ಎಂಬುದು ಅವರ ಲೆಕ್ಕ. ನನ್ನ ಗಂಡ ಬಳ್ಳಾರಿಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ಗಾಂಧಿನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಮ್ಮ ಸಂಸಾರ. ಹಬ್ಬಕ್ಕೋ ಅಮಾವಾಸ್ಯೆಗೋ ಕುರುಗೋಡಿಗೆ ಹೋಗುತ್ತಿದ್ದೆವು. ಹಿತ್ತಲ ಬಾಗಿಲಿನಿಂದಲೇ ಹೋಗುತ್ತಿದ್ದೆ.

ಮೂರನೆಯ ವರ್ಷ ಅತ್ತೆಯ ಬೆನ್ನಿನಲ್ಲಿ ದೊಡ್ಡ ಕುರು ಎದ್ದಿತು. ಮೂರು ದಿನ ಜ್ವರದಲ್ಲಿ ಬೋರಲು ಮಲಗಿದ್ದವರು ನಾಲ್ಕನೆಯ ದಿನ ತಾವಾಗಿಯೇ ಸೆರಗು ಸರಿಸಿ, “ನೋಡು ಏನಾಗೇತಿ,” ಎಂದರು. ನಾನು ಕೀವು ತೆಗೆದು, ತೊಳೆದು, ಪಟ್ಟಿ ಹಾಕಿದೆ. ಒಂದು ವಾರ ದಿನವೂ ಮಾಡಿದೆ. ಕೊನೆಯ ದಿನ, “ನಿನ್ನ ಕೈ ಹಗುರ ಐತಿ ಬಿಡು,” ಎಂದರು. ಅಲ್ಲಿಂದ ಮುಂದೆ ನಾನು ಮುಂಬಾಗಿಲಿನಿಂದ ಒಳಗೆ ಹೋದರೂ ಅವರು ನೋಡದವರಂತೆ ಇರುತ್ತಿದ್ದರು. ನಮ್ಮಿಬ್ಬರ ನಡುವೆ ಅದಕ್ಕಿಂತ ದೊಡ್ಡ ಮಾತುಕತೆ ಬಹಳ ಕಾಲ ಆಗಲಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ಸಿರುಗುಪ್ಪಕ್ಕೆ, ಚಿಕ್ಕ ಮಗನ ಮನೆಗೆ ಹೋದರು. ನನ್ನ ಮೈದುನ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದ. ಗಿರಣಿಯ ಹಿಂದಿನ ಓಣಿಯಲ್ಲೇ ಮನೆ. ಬತ್ತ ಬೇಯಿಸುವ ಹೊತ್ತಿಗೆ ಓಣಿಯೆಲ್ಲ ಬಿಸಿ ಹಬೆಯ ವಾಸನೆ. ಅತ್ತೆಗೆ ಆ ವಾಸನೆ ಹಿಡಿಸುತ್ತಿರಲಿಲ್ಲ, ಆದರೆ ಆ ಮಗ ಹಿಡಿಸುತ್ತಿದ್ದ. ಅವನೂ ತಾಯಿಯನ್ನು ಕೇಳದೆ ಒಂದು ಅಂಗಿ ಹೊಲಿಸಿದವನಲ್ಲ.

ಎಪ್ಪತ್ತರ ದಶಕದ ಕೊನೆಯ ಭಾಗ ಅದು. ಒಮ್ಮೆ ಅತ್ತೆ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದರು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುವುದನ್ನು ನೋಡಿದೆ. ಖಡಕ್ ರೊಟ್ಟಿಗೆ ಹಸಿಮೆಣಸಿನಕಾಯಿ ಚಟ್ನಿ ಹಚ್ಚಿ ಕಟಕಟನೆ ತಿನ್ನುತ್ತಿದ್ದ ಹೆಂಗಸು ಅವರು. “ಹಲ್ಲು ನೋಯ್ತಾವ,” ಎಂದರು. ಎರಡನೆಯ ದಿನ ಊಟದ ನಡುವೆ ಎದ್ದು ಹಿತ್ತಲಿಗೆ ಹೋದರು. ಹಿಂದೆಯೇ ಹೋದೆ. ಗೋಡೆಗೆ ಕೈ ಊರಿ ತುತ್ತನ್ನು ಉಗುಳುತ್ತಿದ್ದರು. ಕುಪ್ಪಸದ ತೋಳು ಅವರ ರಟ್ಟೆಯ ಮೇಲೆ ಚೀಲದಂತೆ ಜೋಲುತ್ತಿತ್ತು.

“ಎಷ್ಟು ದಿನ ಆತು ಅತ್ತಿ?” ಎಂದು ಕೇಳಿದೆ.

“ದಸರಾದಿಂದ,” ಎಂದರು. ಆಗ ಶಿವರಾತ್ರಿ ಹತ್ತಿರ ಬಂದಿತ್ತು.

ನಮ್ಮ ನರ್ಸಿಂಗ್ ಹೋಮಿನ ಡಾಕ್ಟರು ತೆಲುಗು ಮನೆಮಾತಿನ ಹಿರಿಯರು. ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆಸಿದರು. ಕೊರಳ ಬುಡದಲ್ಲಿದ್ದ ಗಂಟಿನ ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ನಾನು ಡ್ಯೂಟಿಯಲ್ಲಿದ್ದೆ. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಅನ್ನನಾಳದ ಬಿಳಿ ಗೆರೆ ನಡುವೆ ದಾರದಷ್ಟು ಸಣ್ಣಗಾಗಿತ್ತು.

“ನೋಡಮ್ಮಾ, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ,” ಎಂದರು. “ಬೆಂಗಳೂರಿಗೆ ಹೋಗಿ ಕರೆಂಟ್, ಅಂದ್ರೆ ರೇಡಿಯೇಷನ್, ಕೊಡಿಸಿದರೆ ಸ್ವಲ್ಪ ದಿನ ನುಂಗೋಕೆ ದಾರಿ ಆಗಬಹುದು, ಆಗದೇನೂ ಇರಬಹುದು. ಈ ಮೈಯಲ್ಲಿ ಅದನ್ನ ತಡ್ಕೊಳ್ಳೋ ಶಕ್ತಿ ನನಗೆ ಕಾಣ್ತಾ ಇಲ್ಲ. ಇನ್ನೊಂದು, ಹೊಟ್ಟೆಗೆ ತೂತು ಮಾಡಿ ನಳಿಗೆ ಇಟ್ಟು ಅದರಲ್ಲೇ ಗಂಜಿ ಹಾಕೋದು. ದಿನ ಹೆಚ್ಚಾಗ್ತಾವೆ. ರೋಗ ಎಲ್ಲಿತ್ತೋ ಅಲ್ಲೇ ಇರ್ತದೆ.”

“ಏನೂ ಮಾಡದಿದ್ರೆ?”

“ನೋವಾಗದಂಗೆ ನೋಡ್ಕೊಳ್ಳೋದು. ಅದೂ ಒಂದು ಚಿಕಿತ್ಸೆನೇ. ಆದರೆ ಅದನ್ನ ಮನೆಯವರು ಚಿಕಿತ್ಸೆ ಅಂತ ಒಪ್ಪೋದಿಲ್ಲ.”

ಅತ್ತೆಗೆ, “ಗಂಟಲಾಗ ಹುಣ್ಣಾಗೇತಿ, ಔಷಧ ಕೊಡ್ತಾರ,” ಎಂದು ಹೇಳಿದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, “ಹೂಂ,” ಎಂದರು.

ಮುಂದಿನ ಭಾನುವಾರ ಸಿರುಗುಪ್ಪದ ಮನೆಯ ಪಡಸಾಲೆಯಲ್ಲಿ ನಾವು ಮೂವರು ಕೂತೆವು. ಗಂಡ, ಮೈದುನ, ನಾನು. ಮೈದುನನ ಹೆಂಡತಿ ಚೊಚ್ಚಲ ಹೆರಿಗೆಗೆ ಆದೋನಿಯ ಹತ್ತಿರದ ತನ್ನ ತವರಿಗೆ ಹೋಗಿದ್ದಳು. ಅತ್ತೆ ಹಿತ್ತಲಲ್ಲಿ ಮೊರ ಹಿಡಿದು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದರು. ತಮ್ಮ ವಿಷಯವೇ ಮಾತಾಗುತ್ತಿದೆ ಎಂದು ಅವರಿಗೆ ಗೊತ್ತಿರಲೇಬೇಕು.

ಡಾಕ್ಟರು ಹೇಳಿದ್ದನ್ನೆಲ್ಲ ನಾನು ಹೇಳಿದೆ. ನನ್ನ ಗಂಡ ನೆಲ ನೋಡುತ್ತ ಕೂತಿದ್ದರು. ಕೊನೆಗೆ, “ಆಕಿ ನರ್ಸ್ ಅದಾಳ. ದಿನಾ ನೋಡ್ತಾಳ. ಆಕಿ ಹೆಂಗ ಅಂತಾಳ ಹಂಗ ಮಾಡೂಣು,” ಎಂದರು. ಇಷ್ಟು ವರ್ಷದಲ್ಲಿ ಗಂಡನ ಬಾಯಿಂದ ನನ್ನ ಕೆಲಸಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು. ಅದು ಇಂಥ ತೀರ್ಮಾನದ ಹೊತ್ತಿಗೆ ಬಂತಲ್ಲ ಎಂದು ಎದ್ದು ಹೋಗಬೇಕೆನ್ನಿಸಿತು.

ಮೈದುನ ನನ್ನ ಕಡೆ ತಿರುಗಿ ಕೂತ. “ಅತ್ತಿಗಿ, ಆ ನಳಿಗಿ ಹಾಕಿದ್ರ ಎಷ್ಟು ದಿನ ಇರ್ತಾಳ?”

“ಹೇಳಾಕ ಬರಂಗಿಲ್ಲ. ಎರಡು ತಿಂಗಳಾದರೂ ಆಗಬಹುದು.”

“ನನ್ನ ಹೆಂಡ್ತಿಗಿ ಇನ್ನ ಒಂದೂವರಿ ತಿಂಗಳೈತಿ. ಅವ್ವ ನನ್ನ ಕೂಸಿನ ಮಾರಿ ನೋಡ್ಲಿ. ನಾ ಕೇಳೋದು ಅಷ್ಟ.” ಅವನ ಕಣ್ಣು ತುಂಬಿದ್ದವು. “ನೀವ ಹೇಳ್ರಿ, ಇದು ತಪ್ಪೇನು?”

ನನಗೆ ಗೊತ್ತಿತ್ತು. ನಳಿಗೆ ಇಟ್ಟ ನಾಲ್ಕೈದು ಮಂದಿಯನ್ನು ನಾನು ವಾರ್ಡಿನಲ್ಲಿ ನೋಡಿಕೊಂಡಿದ್ದೆ. ನಳಿಗೆಯ ಪಕ್ಕದಿಂದ ಹೊಟ್ಟೆಯ ರಸ ಸೋರಿ ಸುತ್ತಲಿನ ಚರ್ಮ ಸುಟ್ಟಂತೆ ಕೆಂಪಗಾಗುವುದು, ಅವರು ಹಾಸಿಗೆಯ ಅಂಚು ಹಿಡಿದು ಮಲಗುವುದು, ಎಲ್ಲ ಗೊತ್ತಿತ್ತು. ‘ಬೇಡ’ ಎನ್ನಬೇಕಿತ್ತು. ಆದರೆ ಹುಟ್ಟಲಿರುವ ಕೂಸನ್ನು ಮುಂದಿಟ್ಟುಕೊಂಡು ಕೂತ ಮಗನಿಗೆ ‘ಬೇಡ’ ಎನ್ನುವ ಬಾಯಿ ನನಗೆ ಬರಲಿಲ್ಲ. ಸೊಸೆ ಅತ್ತೆಯ ಸಾವು ಬಯಸಿದಳು ಅಂದಾರು ಎಂಬ ಅಂಜಿಕೆಯೂ ಇತ್ತು. ಅದನ್ನು ಇವತ್ತು ಮುಚ್ಚಿಡುವುದಿಲ್ಲ.

“ನಿಮ್ಮ ಇಷ್ಟ,” ಎಂದೆ.

ಹಿತ್ತಲಲ್ಲಿದ್ದವರನ್ನು ಒಳಗೆ ಕರೆದು ಒಂದು ಮಾತು ಕೇಳೋಣ ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹತ್ತು ದಿನದಲ್ಲಿ ಬಳ್ಳಾರಿಯಲ್ಲಿ ನಳಿಗೆ ಹಾಕಿಸಿ ಅತ್ತೆಯನ್ನು ಸಿರುಗುಪ್ಪಕ್ಕೆ ಕರೆತಂದೆವು. ಡಾಕ್ಟರು ನನಗೆ ರಜೆ ಕೊಟ್ಟರು. ನನ್ನ ಗಂಡ ಬಳ್ಳಾರಿಯಲ್ಲಿ ಒಬ್ಬರೇ ಇದ್ದು, ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಔಷಧ ತಂದು ಕೊಡುತ್ತಿದ್ದರು. ರಾಗಿ ಗಂಜಿಯನ್ನು ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಆರಿಸಿ, ಆಲಿಕೆ ಇಟ್ಟು ನಳಿಗೆಯಲ್ಲಿ ಹನಿಹನಿಯಾಗಿ ಬಿಡುತ್ತಿದ್ದೆ. ಅತ್ತೆ ಛಾವಣಿ ನೋಡುತ್ತ ಮಲಗಿರುತ್ತಿದ್ದರು.

“ದನಕ್ಕ ಬಿದಿರ ಗೊಟ್ಟದಾಗ ಔಷಧ ಹಾಕಿದಂಗ ಹಾಕ್ತಿ,” ಎಂದರು ಒಂದು ದಿನ. “ದನಕ್ಕಾದ್ರ ಬಾಯಾಗ ಹಾಕ್ತಾರ. ರುಚಿ ಆದ್ರೂ ಗೊತ್ತಾಗ್ತೈತಿ.”

ಎರಡನೆಯ ವಾರ ಸೋರಲು ಶುರುವಾಯಿತು. ಬಿಳಿ ಮುಲಾಮು ಹಚ್ಚಿ, ಹಳೆಯ ಧೋತರದ ಚೂರುಗಳನ್ನು ಗಂಟೆಗೊಮ್ಮೆ ಬದಲಿಸಿದೆ. ಚರ್ಮ ಹುಣ್ಣಾಯಿತು. ಅದರ ಜೊತೆಗೆ ಬೆನ್ನಿನ ನೋವೂ ಬಂತು. ಗುಳಿಗೆಗಳು ತಾಗದೆ ಹೋದಾಗ ಡಾಕ್ಟರು ನೋವಿಗೆ ಪೆಥಿಡಿನ್ ಎಂಬ ಸೂಜಿಮದ್ದು ಬರೆದುಕೊಟ್ಟರು. ಅದು ಎಲ್ಲ ಅಂಗಡಿಯಲ್ಲಿ ಸಿಗುವ ಔಷಧವಲ್ಲ. ಅವರ ಬೀರುವಿನಲ್ಲಿ ಬೀಗದೊಳಗೆ ಇರುತ್ತಿತ್ತು, ಒಂದೊಂದಕ್ಕೂ ಬರೆದಿಡಬೇಕಿತ್ತು. ಅವರ ಬೇರೆ ರೋಗಿಗಳಿಗೂ ಅದೇ ಬೇಕು. ನನ್ನ ಗಂಡ ಗಾಜಿನ ಆಂಪೂಲುಗಳನ್ನು ಹತ್ತಿಯಲ್ಲಿ ಸುತ್ತಿ, ಮುಖಕ್ಕೆ ಹಚ್ಚುವ ಸ್ನೋದ ಖಾಲಿ ಡಬ್ಬಿಯಲ್ಲಿಟ್ಟು, ಅಂಗಿಯ ಜೇಬಿನಲ್ಲಿ ಕೈಯಿಂದ ಒತ್ತಿ ಹಿಡಿದುಕೊಂಡೇ ಬರುತ್ತಿದ್ದರು.

ನಾನು ಸೀಮೆಎಣ್ಣೆ ಸ್ಟವ್ ಹಚ್ಚಿ ಗಾಜಿನ ಸಿರಿಂಜು, ಸೂಜಿ ಕುದಿಸುವುದನ್ನು ಅತ್ತೆ ಮಲಗಿದಲ್ಲಿಂದಲೇ ನೋಡುತ್ತಿದ್ದರು. ಸ್ಟವ್ ಶಬ್ದ ಕೇಳಿದರೇ ಮುಖ ಸ್ವಲ್ಪ ಸಡಿಲಾಗುತ್ತಿತ್ತು. ಸೂಜಿ ಕೊಟ್ಟ ಕಾಲು ಗಂಟೆಗೆ ಹಣೆಯ ಗೆರೆಗಳು ಹೋಗುತ್ತಿದ್ದವು. ಮೂರು ತಾಸು, ಹೆಚ್ಚೆಂದರೆ ನಾಲ್ಕು ತಾಸು. ಆಮೇಲೆ ಮತ್ತೆ ಮೊದಲಿನಂತೆಯೇ.

ಒಂದು ಶನಿವಾರ ಗಂಡ ಬರಿಗೈಯಲ್ಲಿ ಬಂದರು. ಡಾಕ್ಟರ ಹತ್ತಿರವೇ ಮುಗಿದಿತ್ತು. “ಮಂಗಳವಾರ ಬರ್ತೈತಂತ,” ಎಂದು ಹೇಳಿ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ಕೂತರು. ನನ್ನ ಹತ್ತಿರ ಒಂದೇ ಉಳಿದಿತ್ತು. ಅದನ್ನು ಅಂದು ಸಂಜೆ ಕೊಟ್ಟೆ. ಭಾನುವಾರ ಬೆಳಿಗ್ಗೆ ಅತ್ತೆ ಮೊಣಕಾಲನ್ನು ಎದೆಗೆ ಎಳೆದುಕೊಂಡು ಮಲಗಿದ್ದರು. “ಯವ್ವಾ, ಸೂಜಿ,” ಎಂದರು. ಅವರು ನನ್ನನ್ನು ‘ಯವ್ವಾ’ ಎಂದು ಕರೆದದ್ದು ಅದೇ ಮೊದಲು.

ಸ್ಟವ್ ಹಚ್ಚಿದೆ. ಸಿರಿಂಜು ಕುದಿಸಿದೆ. ಪುಡಿ ಔಷಧ ಕಲಸಲು ಇಟ್ಟಿದ್ದ ಬರೀ ನೀರಿನ ಆಂಪೂಲು ಒಂದಿತ್ತು. ಅದನ್ನು ಒಡೆದು ತುಂಬಿದೆ. ಚುಚ್ಚುವಾಗ ಅವರ ಮುಖ ನೋಡಲಿಲ್ಲ. ಕೆಲವರಿಗೆ ಕೊಟ್ಟೆವೆಂಬ ನಂಬಿಕೆಯಿಂದಲೇ ನೋವು ಇಳಿಯುವುದನ್ನು ವಾರ್ಡಿನಲ್ಲಿ ನೋಡಿದ್ದೆ. ಅಷ್ಟೇ ನನ್ನ ಆಸೆ.

ಅರ್ಧ ತಾಸಾದ ಮೇಲೆ ಅತ್ತೆ, “ಇಲ್ಲಿ ಬಾ,” ಎಂದರು. ಹೋಗಿ ಕೂತೆ. “ದಿನಾ ನೀ ಚುಚ್ಚಿದ ಮ್ಯಾಲೆ ನಾಲಿಗಿ ಒಣಗತಿತ್ತು. ಇವತ್ತ ಒಣಗಿಲ್ಲ.”

ನಾನು ಅವರ ಹೊದಿಕೆ ಸರಿಮಾಡಿದೆ.

“ನೀರು ಚುಚ್ಚಿದಿ ಅಲ್ಲ?”

“ಹೌದ್ರಿ ಅತ್ತಿ. ಔಷಧ ಮುಗದೈತಿ. ಮಂಗಳವಾರತನ ಸಿಗಂಗಿಲ್ಲ.”

“ಅದನ್ನ ಹೇಳಬೇಕಿಲ್ಲೇನು? ತಡಕೊಂತಿದ್ದೆ,” ಎಂದರು. ಉಸಿರು ಎಳೆದುಕೊಂಡು ಮತ್ತೆ ಕೇಳಿದರು. “ಹುಣ್ಣು ಅಂದದ್ದೂ ಹಿಂಗ ಏನು?”

ನಾನು ಆಗ ಎಲ್ಲವನ್ನೂ ಹೇಳಿದೆ. ಕ್ಯಾನ್ಸರ್ ಎಂದು ಹೆಸರು ಹೇಳಿದೆ, ವಾಸಿಯಾಗುವುದಿಲ್ಲ ಎಂದೂ ಹೇಳಿದೆ. ಅವರು ಅಳಲಿಲ್ಲ. ಗೋಡೆಯ ಕಡೆ ತಿರುಗಿಕೊಂಡು ಕೇಳಿದರು.

“ಮತ್ತ ಈ ನಳಿಗಿ ಯಾಕ ಇಟ್ರಿ?”

“ನಿಮ್ಮ ಮಗ… ಕೂಸಿನ ಮಾರಿ ನೀವು ನೋಡ್ಲಿ ಅಂತ.”

“ನನ್ನ ಒಂದು ಮಾತು ಕೇಳಿದ್ರ ನಾನ ಹೇಳ್ತಿದ್ದೆ.”

“ಏನ್ ಹೇಳ್ತಿದ್ರಿ?”

“ಈಗ ಯಾಕ ಅದು,” ಎಂದು ಕಣ್ಣು ಮುಚ್ಚಿದರು.

ಏನು ಹೇಳುತ್ತಿದ್ದರೋ ನನಗೆ ಇವತ್ತಿಗೂ ತಿಳಿಯದು. ಆ ಎರಡು ದಿನ ನಾನು ಕೈಲಾದದ್ದನ್ನೆಲ್ಲ ಮಾಡಿದೆ. ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಇಟ್ಟೆ, ಕಾಲು ಒತ್ತಿದೆ, ಬಾಯಿಯನ್ನು ಒದ್ದೆ ಹತ್ತಿಯಿಂದ ಒರೆಸಿದೆ. ಯಾವುದೂ ಸಾಕಾಗಲಿಲ್ಲ. ಮೈದುನ ಗಿರಣಿಯಿಂದ ಬಂದು ಅವ್ವನ ನರಳಿಕೆ ಕೇಳಲಾಗದೆ ಕಾಲುವೆಯ ದಂಡೆಗೆ ಹೋಗಿ ಕೂತುಬಿಡುತ್ತಿದ್ದ. ಮಂಗಳವಾರ ಮಧ್ಯಾಹ್ನ ನನ್ನ ಗಂಡ ಡಬ್ಬಿ ತಂದರು.

ಅದಾದ ಒಂದು ವಾರಕ್ಕೆ ನಳಿಗೆ ತಾನಾಗಿಯೇ ಕಳಚಿ ಬಂತು. ಧೋತರದ ಚೂರು ಬದಲಿಸುವಾಗ ನನ್ನ ಕೈಗೇ ಬಂತು. ತೂತು ಒಂದೆರಡು ದಿನದಲ್ಲೇ ಮುಚ್ಚಿಕೊಳ್ಳುತ್ತದೆ, ಹಾಕಿಸುವುದಾದರೆ ಕೂಡಲೇ ಬಳ್ಳಾರಿಗೆ ಹೋಗಬೇಕು. ಮೈದುನ ಗಿರಣಿಯ ವ್ಯಾನು ಕೇಳಲು ಹೊರಟ. ಈ ಸಲ ನಾನು ಅಡ್ಡ ನಿಂತೆ.

“ಮೊದಲ ಅವ್ವನ್ನ ಕೇಳ್ರಿ,” ಎಂದೆ.

“ಅವ್ವಗ ಏನ್ ತಿಳಿತೈತಿ ಅತ್ತಿಗಿ?”

“ಎಲ್ಲಾ ತಿಳಿತೈತಿ. ನಾ ಹೇಳೀನಿ.”

ಅವನು ನನ್ನನ್ನು ನೋಡಿದ ರೀತಿ ನನಗೆ ನೆನಪಿದೆ. ಒಳಗೆ ಹೋಗಿ ತಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಅತ್ತೆ ಅವನ ತಲೆಯ ಮೇಲೆ ಕೈ ಇಟ್ಟು, “ಬ್ಯಾಡಪ್ಪಾ. ಸಾಕು,” ಎಂದರು. ಅಷ್ಟೇ ಅಂದದ್ದು. ಅವನು ಎದ್ದು ನನ್ನ ಕಡೆ ನೋಡದೆ ಗಿರಣಿಗೆ ಹೋದ.

ನಾನು ಬಳ್ಳಾರಿಗೆ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಮಗೆ ಕಲಿಸಿದ್ದೆಲ್ಲ ಉಳಿಸೋದನ್ನ. ಇದನ್ನ ಯಾರೂ ಕಲಿಸಲಿಲ್ಲಮ್ಮಾ,” ಎಂದರು. ಬೀರು ತೆಗೆದು, ಇದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಎಣಿಸದೆ ನನ್ನ ಮುಂದೆ ಸರಿಸಿದರು. “ನೋವು ಬಂದ ಮೇಲೆ ಕೊಡಬೇಡಿ. ಬರೋಕೆ ಮುಂಚೆ ಕೊಡಿ. ತಾಸು ನೋಡಿ ಕೊಡಿ.”

ಆಮೇಲಿನ ಐದಾರು ದಿನ ಅತ್ತೆ ಸ್ವಲ್ಪ ಹಗುರಾಗಿದ್ದರು. ಚಮಚದಲ್ಲಿ ಮಜ್ಜಿಗೆ ಹನಿಸಿದರೆ ನಾಲಿಗೆಯ ಮೇಲೆ ಇಟ್ಟುಕೊಂಡು, “ಹುಳಿ ಚಂದ ಐತಿ,” ಎನ್ನುತ್ತಿದ್ದರು. ಹೆಚ್ಚು ಹೊತ್ತು ನಿದ್ದೆ, ನಡುವೆ ಅರೆ ಎಚ್ಚರ. ಅದರ ನಡುವೆಯೇ ಹೆಣ್ಣು ಕೂಸು ಹುಟ್ಟಿತೆಂದು ಆದೋನಿಯಿಂದ ಸುದ್ದಿ ಬಂತು. ಲೆಕ್ಕಕ್ಕಿಂತ ಹನ್ನೆರಡು ದಿನ ಮೊದಲೇ. ಬಾಣಂತಿಯನ್ನು ಇಷ್ಟು ಬೇಗ ಹೊರಗೆ ಕಳಿಸುವ ರೂಢಿಯಿಲ್ಲ. ಆದರೂ ಮೈದುನ ಹೋಗಿ ಕೈಮುಗಿದು ಕೇಳಿಕೊಳ್ಳುತ್ತೇನೆಂದು ಹೊರಟ. ಬಾಗಿಲಲ್ಲಿ ನಿಂತು, ನಳಿಗೆಯ ಮಾತಾದ ಮೇಲೆ ಮೊದಲ ಸಲ ನನ್ನೊಡನೆ ಮಾತಾಡಿದ.

“ನಾಡಿದ್ದ ಮಧ್ಯಾಹ್ನ ಹನ್ನೆರಡರ ಬಸ್ಸಿಗೆ ಕರಕೊಂಡು ಬರ್ತೀನಿ. ಅಂದ ಬೆಳಿಗ್ಗೆ ಸೂಜಿ ಕೊಡಬ್ಯಾಡ್ರಿ ಅತ್ತಿಗಿ. ಅವ್ವ ಎಚ್ಚರ ಇರಬೇಕು.”

“ಅವ್ವನ್ನ ಕೇಳ್ತೀನಿ,” ಎಂದೆ.

ಆ ದಿನ ಬೆಳಿಗ್ಗೆ ಎಂಟಕ್ಕೆ ಸೂಜಿಯ ಹೊತ್ತು. ಕೇಳಿದೆ. “ಇವತ್ತ ಬ್ಯಾಡ. ಕೂಸು ನೋಡಿ ಆಮ್ಯಾಲೆ,” ಎಂದರು. ಮುಖ ಒರೆಸಿಸಿಕೊಂಡರು. ಹಣೆಗೆ ವಿಭೂತಿ ಹಚ್ಚಿಸಿಕೊಂಡರು. ಹಸಿರು ಸೀರೆ ಹುಡುಕಿಸಿ ಹೊದೆಸಿಕೊಂಡು, ಎರಡು ದಿಂಬಿಗೆ ಒರಗಿ ಬಾಗಿಲ ಕಡೆ ಮುಖ ಮಾಡಿದರು. ಬೆಂದ ಬತ್ತದ ಹಬೆ ಒಳಗೆ ಬರುತ್ತಿತ್ತು. “ಈ ನಾತಕ್ಕ ಕೂಸು ಅಳ್ತೈತಿ ನೋಡು,” ಎಂದರು.

ಒಂಬತ್ತೂವರೆಗೆ ಮಾತು ನಿಂತಿತು. ಹತ್ತಕ್ಕೆ ಮಂಚದ ನವಾರು ಪಟ್ಟಿಯನ್ನು ಬೆರಳುಗಳಿಂದ ಹಿಡಿದಿದ್ದರು. ನಾನು ಸಿರಿಂಜು ಕುದಿಸಿ, ಔಷಧ ತುಂಬಿ, ತಟ್ಟೆಯಲ್ಲಿ ಬಟ್ಟೆ ಮುಚ್ಚಿ ಇಟ್ಟೆ. “ಕೊಡ್ಲೇನ್ರಿ?” ಎಂದೆ. ತಲೆ ಅಲ್ಲಾಡಿಸಿದರು. ಹನ್ನೊಂದಕ್ಕೆ ಮತ್ತೆ ಕೇಳಿದೆ. “ಇನ್ನೊಂದೀಟು ತಡಿ,” ಎಂದರು. ತುಟಿ ಕಚ್ಚಿ ರಕ್ತ ಬಂದಿತ್ತು. ಹನ್ನೆರಡಕ್ಕೆ, “ಬಸ್ ಬಂತೇನು?” ಎಂದು ಕೇಳಿದರು. ರಜೆ ಹಾಕಿ ಬಂದಿದ್ದ ನನ್ನ ಗಂಡ ಬಸ್ ಸ್ಟ್ಯಾಂಡಿಗೆ ಓಡಿದರು. ಬಂದಿರಲಿಲ್ಲ. ಹನ್ನೆರಡೂವರೆಗೆ ಮತ್ತೆ ಓಡಿದರು. ಬಂದಿರಲಿಲ್ಲ. ಯಾಕೆ ತಡವೆಂದು ಹೇಳುವವರೂ ಅಲ್ಲಿರಲಿಲ್ಲ.

ಒಂದು ಗಂಟೆಗೆ ಅತ್ತೆಯ ಬಾಯಿಂದ ಬರುತ್ತಿದ್ದುದು ಮಾತೂ ಅಲ್ಲ, ಅಳುವೂ ಅಲ್ಲ. ಓಣಿಯವರು ಬಾಗಿಲಿಗೆ ಬಂದು ನೋಡಿ ಹೋಗುತ್ತಿದ್ದರು. ನಾನು ಅವರ ಮುಖದ ಹತ್ತಿರ ಬಾಗಿ, “ಅತ್ತಿ, ಕೊಡ್ಲೇನು? ಕೊಡ್ತೀನಿ,” ಎಂದೆ. ಅವರ ಕಣ್ಣು ನನ್ನ ಮೇಲಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ‘ಹೂಂ’ ಅನ್ನಲಿಲ್ಲ. ‘ಉಹೂಂ’ ಅನ್ನಲೂ ಇಲ್ಲ. ನಾನು ಹೊಸ್ತಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿದೆ. ಅವರು ಮುಖವನ್ನು ಬಾಗಿಲ ಚೌಕಟ್ಟಿಗೆ ಒತ್ತಿಕೊಂಡು ನಿಂತಿದ್ದರು.

ಕೊಟ್ಟೆ.

ಕಾಲು ಗಂಟೆಗೆ ಬೆರಳು ಪಟ್ಟಿಯನ್ನು ಬಿಟ್ಟವು. ಇಪ್ಪತ್ತು ನಿಮಿಷಕ್ಕೆ ನಿದ್ದೆ ಹೋದರು. ಎರಡು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಮೈದುನ ಬಾಣಂತಿಯ ಕೈಹಿಡಿದುಕೊಂಡು, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಾನೇ ಎತ್ತಿಕೊಂಡು ಓಣಿಯಲ್ಲಿ ಬಂದ. ಅರ್ಧ ದಾರಿಯಲ್ಲಿ ಬಸ್ಸಿನ ಗಾಲಿ ಪಂಕ್ಚರ್ ಆಗಿತ್ತಂತೆ. “ಅವ್ವಾ,” ಎನ್ನುತ್ತ ಒಳಗೆ ಬಂದವನು ಮೊದಲು ತಾಯಿಯನ್ನು ನೋಡಿದ, ಆಮೇಲೆ ತಟ್ಟೆಯಲ್ಲಿದ್ದ ಖಾಲಿ ಸಿರಿಂಜನ್ನು ನೋಡಿದ.

“ಒಂದು ತಾಸು ತಡಿಯಾಕ ಆಗಲಿಲ್ಲೇನ್ರಿ ಅತ್ತಿಗಿ?”

ಜೋರಾಗಿ ಕೇಳಲಿಲ್ಲ. ಕೂಸು ಮಲಗಿತ್ತು.

ಕೂಸನ್ನು ಅತ್ತೆಯ ಪಕ್ಕದಲ್ಲಿ ಮಲಗಿಸಿದರು. ಸಂಜೆ ಐದರ ಹೊತ್ತಿಗೆ ಕೂಸು ಅತ್ತಿತು. ಅತ್ತೆ ಕಣ್ಣು ತೆರೆದು ಬಹಳ ಹೊತ್ತು ಆ ಕಡೆ ನೋಡಿದರು. “ಯಾರ ಕೂಸಿದು?” ಎಂದರು. “ನಂದವ್ವಾ, ನಿನ್ನ ಮೊಮ್ಮಗಳು,” ಎಂದ ಮೈದುನ. “ಹಾಲು ಕುಡದೈತೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಣ್ಣು ಮುಚ್ಚಿದರು.

ಮಾರನೆಯ ಬೆಳಿಗ್ಗೆ ನಾನು ಬಾಯಿ ಒರೆಸುವಾಗ ಅವರು ಕಣ್ಣು ತೆರೆಯದೆಯೇ ಕೇಳಿದರು, “ಬಸ್ ಬಂತೇನು?” ಮೈದುನ ಆಗ ಹಿತ್ತಲಲ್ಲಿದ್ದ. ನಾನು, “ಬಂತ್ರಿ ಅತ್ತಿ,” ಎಂದೆ. ಅದನ್ನು ನಾನು ಅವನಿಗೆ ಯಾವತ್ತೂ ಹೇಳಿಲ್ಲ.

ಇನ್ನೆರಡು ದಿನಕ್ಕೆ, ಬೆಳಿಗ್ಗೆ ಹತ್ತರ ಸುಮಾರಿಗೆ, ನಿದ್ದೆಯಲ್ಲೇ ಉಸಿರು ನಿಂತಿತು. ಗಿರಣಿಯ ಲಾರಿಯಲ್ಲಿ ಕುರುಗೋಡಿಗೆ ಒಯ್ದು, ಹೊಲದಲ್ಲಿ ಮಾವನ ಪಕ್ಕ ಮಣ್ಣು ಮಾಡಿದೆವು. ಡಬ್ಬಿಯಲ್ಲಿ ಮೂರು ಆಂಪೂಲು ಉಳಿದಿದ್ದವು. ಅವನ್ನು ತಿರುಗಿ ಕೊಟ್ಟಾಗ ಡಾಕ್ಟರು ಏನೂ ಕೇಳದೆ ಬೀರುವಿನಲ್ಲಿ ಇಟ್ಟರು.

ಮೈದುನ ಎರಡು ವರ್ಷ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಮನೆಗೆ ಬಂದರೆ ಅಣ್ಣನ ಹತ್ತಿರ ಕೂತು ಚಹಾ ಕುಡಿದು ಹೋಗುತ್ತಿದ್ದ. ನಾನು ಅವನ ಜಾಗದಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇನ್ನೊಂದು ತಾಸು ತಡೆಯಬಹುದಿತ್ತು ಎಂದು ಒಂದು ದಿನ ಅನ್ನಿಸುತ್ತದೆ. ಎಂಟು ಗಂಟೆಗೇ ಕೊಟ್ಟುಬಿಡಬೇಕಿತ್ತು ಎಂದು ಇನ್ನೊಂದು ದಿನ. ಎರಡರಲ್ಲಿ ಯಾವುದು ಸರಿ ಎಂಬುದು ನನ್ನ ವಿದ್ಯೆಗೆ ತಿಳಿಯಲಿಲ್ಲ.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಮೈದುನ ನರ್ಸಿಂಗ್ ಹೋಮಿಗೇ ಬಂದ. ಜೊತೆಯಲ್ಲಿ ಅವನ ಗಿರಣಿಯಲ್ಲಿ ಬಾಯ್ಲರ್‌ಗೆ ಬೆಂಕಿ ಹಾಕುವ ನಡುವಯಸ್ಸಿನ ಮನುಷ್ಯ. ದವಡೆಯ ಕೆಳಗೆ ಮುಷ್ಟಿಯಷ್ಟು ಗಡ್ಡೆ. ಡಾಕ್ಟರು ನೋಡಿ, ನನಗೆ ಹೇಳಿದ ಮಾತನ್ನೇ ಹೆಚ್ಚುಕಡಿಮೆ ಮೈದುನನಿಗೂ ಹೇಳಿದರು. ಹೊರಗಿನ ಬೆಂಚಿನ ಮೇಲೆ ಆ ಮನುಷ್ಯ ಟವೆಲಿನಿಂದ ಗಲ್ಲ ಮುಚ್ಚಿಕೊಂಡು ಕೂತಿದ್ದ. ಮೈದುನ ಅವನ ಹತ್ತಿರ ಕೂತು ಮೆಲ್ಲಗೆ ಏನೋ ಮಾತಾಡುತ್ತಿದ್ದ. ನಾನು ಔಷಧದ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಮಾತು ಮುಗಿಸಿ ನನ್ನ ಹತ್ತಿರ ಬಂದ.

“ಕೇಳಿದೆ ಅತ್ತಿಗಿ,” ಎಂದ. “ಮನಿಗೆ ಹೋಗ್ತೀನಿ ಅಂತಾನ. ನೋವಿಗೆ ಏನಾದ್ರೂ ಕೊಡ್ರಿ ಅಂತಾನ.”

ಡಾಕ್ಟರು ಚೀಟಿ ಬರೆದರು. ಬೀರುವಿನಲ್ಲಿ ಅಂದು ಕೊಡಬಹುದಾದ ಆಂಪೂಲು ಎರಡೇ ಇದ್ದವು. ಅವನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟು, ಸಿರುಗುಪ್ಪದಲ್ಲಿ ಸೂಜಿ ಕೊಡಲು ಯಾರನ್ನು ಕರೆಯಬೇಕು, ಎಷ್ಟೊತ್ತಿಗೆ ಕೊಡಿಸಬೇಕು ಎಂದು ಹೇಳಿದೆ. ಮೈದುನ ಅದನ್ನು ಎರಡು ಸಲ ಹೇಳಿಸಿಕೊಂಡ. ಎರಡೂ ಮುಗಿದ ಮೇಲೆ ಏನು ಎಂದು ಅವನು ಕೇಳಲಿಲ್ಲ. ಮೂರೂವರೆಯ ಬಸ್ಸಿಗೆ ಹೊತ್ತಾಗಿತ್ತು. ಆ ಮನುಷ್ಯನ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದ.